ಬಾಚಣಿಗೆಗೆ ಒಲಿಯದೆ ಬಾಗಿಲ ಹಿಡಿಗೆ ಒಲಿದ ಸ್ಥಾಯಿ ವಿದ್ಯುತ್ತಿಗೆ

ಕಾಗದದ ಚೂರುಗಳ ನೆಗೆತಕ್ಕೂ ಉಣ್ಣೆಬಟ್ಟೆಯ ಚಟಪಟಕ್ಕೂ ಏಕೈಕ ಒಡೆಯರಾದ ಸ್ಥಾಯಿ ವಿದ್ಯುತ್ತಿನವರ ಸನ್ನಿಧಿಗೆ, ಏಳನೇ ತರಗತಿಯ ವಿಜ್ಞಾನದ ಮೇಡಂ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಶಾಲಾ ತನಿಖೆಗೆ ಮುಂಚಿನ ಎರಡು ವಾರ ತಾವು ಒಂದು ದಿನವೂ ತಪ್ಪಿಸದೆ ನಮ್ಮ ತರಗತಿಗೆ ದಯಮಾಡಿಸಿ, ಬಾಚಣಿಗೆ, ಬಲೂನು, ಪ್ಲಾಸ್ಟಿಕ್ ಸ್ಕೇಲು ಎಂಬ ಭೇದವೆಣಿಸದೆ ಒಲಿದದ್ದನ್ನು ನಾನು ಮರೆತಿಲ್ಲ. ಹಾಜರಿ ಕೂಗಿದರೂ ಕೈಯೆತ್ತುವುದೇ ಹೊರತು ಬಾಯಿ ಬಿಡದ ಮೂರನೇ ಬೆಂಚಿನ ನಮ್ಮ ಮೌನಗೌರಿ, ಯಾವುದನ್ನು ಯಾವುದಕ್ಕೆ ಎಷ್ಟು ಸಲ ಉಜ್ಜಿದರೆ ಎಷ್ಟು ಚೂರು ಏಳುತ್ತವೆ ಎಂದು ನಲವತ್ತೆರಡು ಸಲ ಪರೀಕ್ಷಿಸಿ ಬರೆದಿಟ್ಟಿದ್ದಳು. ಇಷ್ಟೆಲ್ಲ ಆದಮೇಲೆ, ತನಿಖಾಧಿಕಾರಿಗಳು ಬಂದ ಆ ಒಂದು ಗುರುವಾರ ತಾವು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವ ಅಧಿಕಾರ ನನಗಿಲ್ಲ. ಆದರೂ ಹೊಟ್ಟೆ ಉರಿಯುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ವಾರಕ್ಕೊಂದು ಪ್ರಯೋಗದ ಪಿರಿಯಡ್ಡು ಉಳಿಯಬೇಕೋ, ಅದನ್ನೂ ನೋಟ್ಸ್ ಬರೆಸಲು ಬಿಟ್ಟುಕೊಡಬೇಕೋ ಎಂಬುದು ಅವರ ವರದಿಯ ಮೇಲೆ ನಿಂತಿತ್ತು. ಶಾಲೆಯ ಮಾನ ಕಾಪಾಡಲೆಂದು ಹೆಡ್‌ಮೇಡಂ, ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡು ಬರತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಆಯಾ ಅಕ್ಕ ನೆಲವನ್ನು ಮೂರು ಸಲ ಒರೆಸಿ, ಧೂಳು ಬಾರದಂತೆ ಕಿಟಕಿ ಮುಚ್ಚಿ, "ಕನ್ನಡಿ ಥರ ಮಾಡಿದ್ದೀನಿ ಮೇಡಂ" ಎಂದರು. ನಾನೂ ಬೆಪ್ಪುತಕ್ಕಡಿಯಂತೆ ಶಭಾಷ್ ಅಂದೆ. ಎಣ್ಣೆಯೂ ತೇವವೂ ತಮಗಾಗದು ಎಂದು ಅದೇ ವಾರ ಬೋರ್ಡಿನ ಮೇಲೆ ಬರೆದವಳು ನಾನೇ.

ಮೂವತ್ತೆಂಟು ಮಕ್ಕಳು ಜಿಡ್ಡುತಲೆಗೆ ಬಾಚಣಿಗೆ ತಿಕ್ಕಿದ್ದೇ ತಿಕ್ಕಿದ್ದು, ಕಾಗದದ ಚೂರುಗಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಆಗ ಮೌನಗೌರಿ ಎದ್ದು ನಿಂತು, "ಸರ್, ಎಣ್ಣೆ ತಲೆ, ಒದ್ದೆ ನೆಲ. ನಿನ್ನೆ ಬಂದಿದ್ರೆ ಆಗ್ತಿತ್ತು" ಎಂದಳು. ಈ ವರ್ಷ ತರಗತಿಯಲ್ಲಿ ಅವಳಾಡಿದ ಮೊದಲ ಮಾತು ಅದು. ನನಗೆ ಕಣ್ಣು ತುಂಬಿ ಬಂತು. ಅಧಿಕಾರಿಗಳು ಮಾತ್ರ "ನೆಪ ಹೇಳಬಾರದಮ್ಮ" ಎನ್ನುತ್ತ 'ಪ್ರಯೋಗ ವಿಫಲ' ಎಂದು ಗುರುತು ಹಾಕಿಕೊಂಡರು.

ಇನ್ನು ತಮ್ಮ ಸಮಯಪ್ರಜ್ಞೆಯನ್ನು ಎಷ್ಟು ಹೊಗಳಿದರೂ ಸಾಲದು. ಅದೇ ಅಧಿಕಾರಿಗಳು ಹೆಡ್‌ಮೇಡಂ ಕೋಣೆಯ ಎಸಿಯ ಒಣ ತಂಪಿನಲ್ಲಿ, ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚದ ಸೋಫಾದ ಮೇಲೆ, ಪಾಲಿಯೆಸ್ಟರ್ ಪ್ಯಾಂಟಿನಲ್ಲಿ ಅರ್ಧ ಗಂಟೆ ಅತ್ತಿತ್ತ ಜರುಗಾಡಿ, ಎದ್ದು ಬಾಗಿಲಿನ ಸ್ಟೀಲ್ ಹಿಡಿ ಮುಟ್ಟಿದೊಡನೆ ತಾವು ಚಟ್ಟನೆ ಪ್ರತ್ಯಕ್ಷರಾದಿರಿ. ಇದೇ ಆ ಪಾಠ ಎಂದು ನಾನು ಹೇಳುವಷ್ಟರಲ್ಲಿ ವರದಿ ಮುಗಿದಿತ್ತು: ಶಾಲೆಯ ಬಾಗಿಲುಗಳಲ್ಲಿ ಕರೆಂಟು ಸೋರುತ್ತಿರುವುದರಿಂದ, ಎಲ್ಲ ಬಾಗಿಲುಗಳ ತಪಾಸಣೆ ಮುಗಿಯುವವರೆಗೆ ಮೇನ್ ಸ್ವಿಚ್ ಆರಿಸಿಡುವುದು, ಪ್ರಯೋಗದ ಪಿರಿಯಡ್ಡಿನಲ್ಲಿ ನೋಟ್ಸ್ ಬರೆಸುವುದು. ಎಲೆಕ್ಟ್ರಿಷಿಯನ್ ಮೂರು ದಿನದಿಂದ ಮರದ ಬಾಗಿಲಿನಲ್ಲಿ ವೈರು ಹುಡುಕುತ್ತಿದ್ದಾರೆ.

ಆದ್ದರಿಂದ ತಾವು ಇನ್ನು ಮುಂದೆ ರಜೆ ಬೇಕಾದಲ್ಲಿ ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕೆಂದೂ, ಹಾಜರಿ ಪುಸ್ತಕದಲ್ಲಿ ಧನ, ಋಣ ಇಬ್ಬರೂ ಬಂದು ಸಹಿ ಹಾಕಬೇಕೆಂದೂ, ತಮ್ಮ ಬದಲಿಗೆ ಅಣ್ಣನವರಾದ ಸಿಡಿಲನ್ನು ಮಾತ್ರ ಕಳಿಸಕೂಡದೆಂದೂ ಕೈಮುಗಿದು ಬೇಡುತ್ತೇನೆ. ನಮ್ಮ ಶಾಲೆಯ ಸೂರು ಹಳೆಯದು. ಸಾಧ್ಯವಾದರೆ ಎಲೆಕ್ಟ್ರಿಷಿಯನ್ನರನ್ನು ಖುದ್ದಾಗಿ ಕಂಡು, ಬಾಗಿಲಿನ ತಪ್ಪೇನೂ ಇಲ್ಲವೆಂದು ಒಂದು ಹೇಳಿಕೆ ಕೊಡಿ.

ಇಷ್ಟಾದರೂ ತಮ್ಮನ್ನೇ ನಂಬಿ ಕೂತಿರುವ,
ತಮ್ಮ ವಿಶ್ವಾಸಿ,
ಏಳನೇ ತರಗತಿಯ ವಿಜ್ಞಾನದ ಮೇಡಂ

ತಾ.ಕ.: ಇಂದು ಕರೆಂಟಿಲ್ಲದ ಕೋಣೆಯಲ್ಲಿ ತಮ್ಮ ಬಗ್ಗೆಯೇ ನೋಟ್ಸ್ ಬರೆಸುತ್ತಿದ್ದೆ. ಮೌನಗೌರಿ ಯಾರನ್ನೂ ಕೇಳದೆ ಎದ್ದು ಕಿಟಕಿಗಳನ್ನೆಲ್ಲ ಮುಚ್ಚಿ, ಕತ್ತಲಲ್ಲಿ ತನ್ನ ಉಣ್ಣೆ ಸ್ವೆಟರನ್ನು ತಲೆಯ ಮೇಲಿಂದ ಸರ್ರನೆ ಎಳೆದಳು. ನೀಲಿ ಕಿಡಿಗಳು ಹಾರಿದವು, ಉಳಿದ ಮೂವತ್ತೇಳು ಪೆನ್ನುಗಳು ನಿಂತವು. 'ನೋಟ್ಸ್ ಬರೆಸಲಾಯಿತು' ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನಾಳೆಯೂ ಬನ್ನಿ; ಎಲೆಕ್ಟ್ರಿಷಿಯನ್ನರಿಗೆ ಇನ್ನೂ ಹನ್ನೊಂದು ಬಾಗಿಲು ಬಾಕಿ ಇವೆ.