ನಮ್ಮ ಸ್ಟುಡಿಯೋದ ಹಿಮದೂರು

ಕ್ಯಾಮೆರಾದ ಮುಂದೆ ಕೂತ ತಕ್ಷಣ ಜನ ಉಸಿರು ಬಿಗಿ ಹಿಡಿಯುತ್ತಾರೆ, ಕುತ್ತಿಗೆ ನೆಟ್ಟಗೆ ಮಾಡುತ್ತಾರೆ, ಎಂದೂ ಇಲ್ಲದ ಗಾಂಭೀರ್ಯ ತಂದುಕೊಳ್ಳುತ್ತಾರೆ. ಎಡವಟ್ಟುಗಳೆಲ್ಲ ಅಲ್ಲೇ ಆಗುವುದು ಅದಕ್ಕೇ ಇರಬೇಕು. ಹಾಸನದಲ್ಲಿ ನಾನು ಫೋಟೋ ಸ್ಟುಡಿಯೋ ಇಟ್ಟಿದ್ದಷ್ಟು ಕಾಲ ಒಂದು ವಾರವೂ ಸುಸೂತ್ರವಾಗಿ ಕಳೆದದ್ದು ನೆನಪಿಲ್ಲ. ಅದರಲ್ಲೂ ಹಿಮದೂರಿನ ಪರದೆ ಬಂದ ಮೇಲಂತೂ ಕೇಳಲೇಬೇಡಿ.

ಹಿಮ ಬಂದ ಬಗೆ

ಅರವತ್ತರ ದಶಕದ ಮೊದಲ ವರ್ಷಗಳು. ಆಗ ಸ್ಟುಡಿಯೋ ಅಂದರೆ ಕೂರುವವರ ಹಿಂದೆ ಒಂದು ಬಣ್ಣದ ಪರದೆ ಇರಲೇಬೇಕು. ಎಲ್ಲರ ಹತ್ತಿರವೂ ಅದೇ ಅರಮನೆ ಕಂಬ, ಅದೇ ಹೂದೋಟ, ಅದೇ ತಾಜಮಹಲು. ನನಗೆ ಬೇರೆ ಏನಾದರೂ ಬೇಕಿತ್ತು. ಔಷಧಿ ಅಂಗಡಿಯವರು ಕೊಟ್ಟ ಒಂದು ವಿದೇಶಿ ಕ್ಯಾಲೆಂಡರಿನಲ್ಲಿ ಜರ್ಮನಿಯ ಬವೇರಿಯಾ ಸೀಮೆಯ ಬೆಟ್ಟದೂರಿನ ಚಿತ್ರ ಇತ್ತು. ಸುತ್ತ ಹಿಮ ಮುಚ್ಚಿದ ಬೆಟ್ಟ, ಇಳಿಜಾರು ಮಾಡಿನ ಮರದ ಮನೆಗಳು, ಒಂದು ಮನೆಯ ಹೊಗೆಗೂಡಿನಿಂದ ಹೊಗೆ, ಒಂದು ಅಂಚಿಗೆ ಚರ್ಚಿನ ಗೋಪುರ, ಅಲ್ಲಲ್ಲಿ ಮೊನಚು ಮರಗಳು. ಆ ಊರಿನ ಜನವೋ, ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಜಾರುವವರು, ಚಕ್ರವಿಲ್ಲದ ಗಾಡಿಯಲ್ಲಿ ಕೂತು ಇಳಿಯುವವರು, ಹಿಮದುಂಡೆ ಮಾಡಿ ಒಬ್ಬರ ಮೇಲೊಬ್ಬರು ಎಸೆಯುವವರು! ನಮ್ಮಲ್ಲಿ ಧನುರ್ಮಾಸದ ಚಳಿ ಬಂತೆಂದರೆ ಕಂಬಳಿಯೊಳಗಿನಿಂದಲೇ ಬೈಯುವುದು ರೂಢಿ. ಚಳಿಯಲ್ಲಿ ಬೀದಿಗೆ ಬಂದು ನಗುವ ಜನವೂ ಇದ್ದಾರೆಂದು ನೋಡಿ ನನಗೆ ಭಾರೀ ಸಂತೋಷವಾಯಿತು. ಮೈಸೂರಿನಲ್ಲಿ ನಾಟಕದ ಪರದೆ ಬರೆಯುತ್ತಿದ್ದ ಕಲಾವಿದರ ಕೈಯಲ್ಲಿ ಅದನ್ನೇ ದೊಡ್ಡದಾಗಿ ಬರೆಸಿಕೊಂಡು ಬಂದೆ.

ನನ್ನ ಹೆಂಡತಿಯ ತಮ್ಮ ಕೊಣನೂರಿನವನು, ಮರಗೆಲಸ ಬಲ್ಲವನು. ಪರದೆಗೆ ತಕ್ಕಂತೆ ಒಂದು ಜಾರುಗಾಡಿ, ಮೂತಿ ಬಾಗಿದ ಎರಡು ಉದ್ದ ಹಲಗೆ, ಎರಡು ಕೋಲು ಮಾಡಿಕೊಟ್ಟ. ಕೋಟು, ಮಫ್ಲರು, ಬೂಟ್ಸುಗಳನ್ನು ನಾನು ಒದಗಿಸಿದೆ. ಊರೂರ ಸಂತೆಗೂ ಇದನ್ನೆಲ್ಲ ಬಸ್ಸಿನ ಟಾಪಿನ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆವು. ಬಯಲಲ್ಲಿ ಗಾಳಿಗೆ ಪರದೆ ಹಾರದಂತೆ ಭಾವಮೈದ ಹಿಂದೆ ನಿಂತು ಎರಡು ಕೈಯಲ್ಲೂ ಹಿಡಿದುಕೊಳ್ಳಬೇಕಿತ್ತು.

ಅವನು ಒಳ್ಳೆಯ ಹುಡುಗ. ಆದರೆ ಹೆಣ್ಣು ನೋಡಲು ಹೋದ ಕಡೆ ಬಾಯಿ ಬಿಡುತ್ತಿರಲಿಲ್ಲ. ಮೂಗನೇನೋ ಅಂದುಕೊಂಡು ಎಷ್ಟೋ ಮನೆಯವರು ಹಿಂದೆಗೆದಿದ್ದರು. ಅಕ್ಕನಾದವಳಿಗೆ ಇದೇ ಕೊರಗು. ಒಂದು ದಿನ ಅವಳು ನನ್ನನ್ನು ಹಿಡಿದುಕೊಂಡಳು. "ರೀ, ಅವನು ಸದಾ ನಿಮ್ಮ ಪರದೆ ಹಿಂದೆ ನಿಂತಿದ್ರೆ ಹೆಣ್ಣು ಕೊಡೋರ ಕಣ್ಣಿಗೆ ಬೀಳೋದು ಯಾವಾಗ? ಈ ವರ್ಷ ಅವನ ಮದುವೆ ಆಗ್ಲಿಲ್ಲ ಅಂದ್ರೆ ಪರದೇನ ಹರಿದು ಬಚ್ಚಲೊಲೆಗೆ ಹಾಕ್ತೀನಿ."

ಅವಳು ಬರೀ ಬಾಯಿಮಾತಿಗೆ ಹೇಳುವವಳಲ್ಲ. ಹಿಂದಿನ ವರ್ಷ ನನ್ನ ಹಾರ್ಮೋನಿಯಂನ ಉರಿಯಲ್ಲಿ ನಾವೆಲ್ಲ ಬಿಸಿಬಿಸಿ ನೀರು ಸ್ನಾನ ಮಾಡಿದ್ದೆವು.

ಹೊಗೆ ಬರುವ ಮನೆ

ಹೊಳೆನರಸೀಪುರದ ಸಂತೆ. ಒಬ್ಬ ರೈತ ತನ್ನ ಮುದಿ ತಾಯಿಯನ್ನು ಫೋಟೋಗೆ ಕರೆತಂದಿದ್ದ. ಪರದೆ ಕಂಡದ್ದೇ ತಡ, ಆಕೆ ಕೆರ ಬಿಟ್ಟು, ಗಲ್ಲ ಬಡಿದುಕೊಂಡು, ಅಡ್ಡಬಿದ್ದೇಬಿಟ್ಟಳು.

"ಶಿವ ಶಿವಾ! ಕೈಲಾಸ ಕಣ್ಲಾ ಮಗ, ಕೈಲಾಸ!"

"ಅಮ್ಮಾ, ಇದು ಕೈಲಾಸ ಅಲ್ಲ, ಜರ್ಮನಿ ದೇಶ" ಎಂದೆ.

"ನೀವು ಅಲ್ಲಿಗೆ ಓಗಿದ್ರಾ ಸಾ?"

"ಇಲ್ಲ."

"ಮತ್ತೆ ಓಗ್ದೆ ಎಂಗೆ ಏಳ್ತೀರಾ?"

ಅಜ್ಜಿ ಎದ್ದು ಪರದೆಯ ಹತ್ತಿರ ಹೋಗಿ ಒಂದೊಂದೇ ಮನೆಯನ್ನು ದಿಟ್ಟಿಸತೊಡಗಿದಳು. "ಎಷ್ಟೊಂದು ಮನೆ ಅವೆ! ನಮ್ ಯಜಮಾನ್ರು ಶಿವನ ಪಾದ ಸೇರಿ ವರ್ಸಾಯ್ತು. ಯಾವ್ ಮನೇಲಿ ಮಡಗವ್ನೋ."

ಮಗನ ಕಣ್ಣು ತುಂಬಿತು. ಸುಳ್ಳೇಕೆ, ನನ್ನದೂ ತುಂಬಿತು. ಅಷ್ಟರಲ್ಲಿ ಆಕೆಯ ಬೆರಳು ಒಂದು ಮನೆಯ ಮೇಲೆ ನಿಂತಿತು. "ಇದೇ ಕಣ್ಲಾ."

"ಅದೆಂಗವ್ವಾ ಗೊತ್ತಾಯ್ತು?"

"ಒಗೆ ನೋಡ್ಲಾ! ಅಲ್ಲಿಗೋದ್ರೂ ಬೀಡಿ ಬುಟ್ಟಿಲ್ಲ ನಿಮ್ಮಪ್ಪ!"

ನಡುಕ

ಯುಗಾದಿ ಹತ್ತಿರದ ಬಿಸಿಲು. ನಮ್ಮ ಸ್ಟುಡಿಯೋಗೆ ತಗಡಿನ ಮಾಡು. ಹೈಸ್ಕೂಲಿನ ಮೇಷ್ಟ್ರೊಬ್ಬರು ಬಂದು ಹಿಮದೂರಿನಲ್ಲೇ ಫೋಟೋ ಆಗಬೇಕೆಂದರು. ಅವರು ಹವ್ಯಾಸಿ ನಟರೂ ಹೌದು. ಕೋಟು, ಮಫ್ಲರು ಎಲ್ಲ ಹಾಕಿಸಿ ನಿಲ್ಲಿಸಿದೆ. ಬೆವರು ಧಾರಾಕಾರ.

ಆ ಕಾಲದ ನನ್ನ ಕ್ಯಾಮೆರಾ ನಿಧಾನದ್ದು. ಒಂದಿಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು. "ಅಲ್ಲಾಡಬೇಡಿ ಮೇಷ್ಟ್ರೇ" ಎಂದರೆ, "ಏನ್ರೀ, ಹಿಮದಲ್ಲಿ ನಿಂತೋನು ನಡುಗದೆ ಇರ್ತಾನೇನ್ರೀ? ಅಭಿನಯ ಅಂದರೆ ಅಭಿನಯ" ಎಂದು ತಲೆಯಿಂದ ಕಾಲಿನವರೆಗೂ ಗಡಗಡ ನಡುಗಿದರು. ನಡುಗಿದ ರಭಸಕ್ಕೆ ನೆಲದ ಹಲಗೆ ಅದುರಿ ಪರದೆಯೇ ಕುಣಿಯಿತು. ಹಿಂದಿನಿಂದ ಭಾವಮೈದ ಕೂಗಿದ: "ಭಾವಾ, ಬೆಟ್ಟ ಬೀಳ್ತದೆ!"

ಫೋಟೋದಲ್ಲಿ ಮೇಷ್ಟ್ರಿಗೆ ನಾಲ್ಕಾರು ಮೂಗು ಬಂದಿತ್ತು. ಉಗಿಸಿಕೊಳ್ಳಲು ಸಿದ್ಧನಾಗಿಯೇ ಕೈಗೆ ಕೊಟ್ಟೆ. ಅವರು ನನ್ನನ್ನು ತಬ್ಬಿಕೊಂಡುಬಿಟ್ಟರು. "ಭೇಷ್! ಚಳಿ ಅಂದರೆ ಇದು! ಎಷ್ಟು ಸಹಜವಾಗಿದೆ!"

ಪಕ್ಕದಲ್ಲಿದ್ದ ಅವರ ಹೆಂಡತಿ ಫೋಟೋ ತೆಗೆದುಕೊಂಡು ಎರಡೂ ಕಡೆ ತಿರುಗಿಸಿ ನೋಡಿ ಕೇಳಿದರು: "ಇದೇನ್ರೀ, ನಿಮಗೆ ಮಲೇರಿಯಾ ಬಂದಾಗ ತೆಗೆಸಿದ್ದಾ?"

ಕಾಲಿನ ಹಲಗೆ

ಅರಕಲಗೂಡಿನಲ್ಲಿ ಪರದೆ ಬಿಚ್ಚಿದಾಗ ಮೂಳೆ ಮುರಿದವರಿಗೆ ಬಿದಿರ ದಬ್ಬೆ ಕಟ್ಟುವ ನಾಟಿ ವೈದ್ಯರೊಬ್ಬರು ಬಂದು ನಿಂತರು. ಪರದೆಯಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು, ಎರಡೂ ಕೈಯಲ್ಲಿ ಕೋಲು ಊರಿಕೊಂಡು ಜಾರುವವನನ್ನು ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ಸಿಟ್ಟು ಏರಿತು.

"ಯಾವೋನ್ ಸಾ ಇವನ್ಗೆ ಕಟ್ಟಿದ್ದು? ಎರಡು ಕಾಲೂ ಮುರ್ಕೊಂಡವ್ನೆ ಪಾಪ. ದಬ್ಬೇನ ಮೊಣಕಾಲ್ ಪಕ್ಕಕ್ಕೆ ಕಟ್ಬೇಕೋ, ಅಂಗಾಲಿಗೆ ಕಟ್ಬೇಕೋ? ಅದೂ ಇಷ್ಟುದ್ದ!"

"ಅಯ್ಯೋ, ಕಾಲು ಮುರಿದಿಲ್ಲ ಯಜಮಾನ್ರೇ. ಅದು ಆಟ. ಹಲಗೆ ಕಟ್ಟಿಕೊಂಡು ಬೆಟ್ಟದಿಂದ ಜಾರುತ್ತಾರೆ."

"ಬೆಟ್ಟದಿಂದ?"

"ಹೂಂ."

"ಬೇಕೂಂತ?"

"ಬೇಕೂಂತಲೇ."

ವೈದ್ಯರು ನನ್ನ ಹೆಗಲಿನ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ಆ ಊರ್ಗೆ ಬಸ್ಸು ಎಲ್ಲಿಂದ ಸಾ? ಇಲ್ಲಿ ನಮ್ ಕಸುಬು ಒಸಿ ಡಲ್ಲು."

ಪುರಿ ಮಳೆ

ಹಿಮವೆಂದು ನೆಲಕ್ಕೆ ಹಾಸುತ್ತಿದ್ದ ಅರಳೆ ಊರೂರ ಧೂಳು ತಿಂದು ಕಪ್ಪಾಗಿತ್ತು. ಹೀಗಾಗಿ ಚನ್ನರಾಯಪಟ್ಟಣದ ಸಂತೆಯಲ್ಲಿ ಭಾವಮೈದ ಒಂದು ಉಪಾಯ ಹುಡುಕಿದ. ಭಟ್ಟಿಯಿಂದ ಆಗತಾನೆ ಇಳಿದ ಮಂಡಕ್ಕಿ ಪುರಿ ತಂದು, ಪರದೆಯ ಹಿಂದೆ ಏಣಿ ಹತ್ತಿ, ಮೊರದಿಂದ ಸಣ್ಣಗೆ ಉದುರಿಸುವುದು. ನಿಜವಾದ ಹಿಮ ಸುರಿದಂತೆಯೇ ಕಾಣಿಸಿತು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು.

ಕೂತಿದ್ದದ್ದು ಒಬ್ಬ ಕೊಬ್ಬರಿ ವ್ಯಾಪಾರಿಯ ಕುಟುಂಬ. ನಾನು ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿ ನೋಡುತ್ತೇನೆ, ಮಕ್ಕಳ ಕೆನ್ನೆ ಆಡುತ್ತಿದೆ. "ತಿನ್ನಬೇಡ್ರೋ!" ಎಂದೆ. ಮಕ್ಕಳು ನಿಲ್ಲಿಸಿದರು, ಅವರಮ್ಮ ಶುರು ಮಾಡಿದರು. ವ್ಯಾಪಾರಿ ಮಾತ್ರ ಗಂಭೀರವಾಗಿ ಕೂತಿದ್ದ. ಅವನ ಪೇಟದ ಮೇಲಿನ ಹಿಮವನ್ನು ಹಿಂದಿನಿಂದ ಒಂದು ಮೇಕೆ ನೆಕ್ಕುತ್ತಿತ್ತು.

ಸುತ್ತ ನಿಂತವರೂ ಮುಕ್ಕತೊಡಗಿದರು. ಅವರಲ್ಲೊಬ್ಬರು ಮದುವೆ ಸಂಬಂಧ ಕೂಡಿಸುವ ಹಿರಿಯರು. ಬಾಯಾಡಿಸುತ್ತಾ, "ಮ್ಯಾಲಿಂದ ಎರಚ್ತಾ ಇರೋ ಕೈ ಯಾರ್ದು ಸಾ? ಮದ್ವೆ ಆಯ್ತಾ?" ಎಂದು ಕೇಳಿದರು. ಬಚ್ಚಲೊಲೆ ನನ್ನ ಕಣ್ಣ ಮುಂದೆ ಧಗಧಗ ಉರಿಯಿತು. ಆ ವಾರವೇ ತೆಗೆದಿದ್ದ ಭಾವಮೈದನ ಫೋಟೋವನ್ನು ಕೂಡಲೇ ಅವರ ಕೈಗಿತ್ತೆ. ಅದರಲ್ಲಿ ಅವನು ಕೋಟು, ಬೂಟ್ಸು, ಕೈಗಡಿಯಾರ ತೊಟ್ಟು, ಹಿಮದೂರಿನಲ್ಲಿ ಜಾರುಗಾಡಿಯ ಮೇಲೆ ರಾಜನಂತೆ ಕೂತಿದ್ದ.

ಹಿರಿಯರು ಅದನ್ನು ಜೇಬಿಗೆ ಹಾಕಿಕೊಂಡರು. "ಉಡ್ಗನ ಇಚಾರ ನಂಗಿರ್ಲಿ. ನೀವು ಮುಂದಿನ್ ಸಂತೆಗೆ ಈ ಇಮಕ್ಕೆ ಒಸಿ ಈರುಳ್ಳಿ, ಖಾರದ್ಪುಡಿ ಬೆರ್ಸ್ಕೊಂಡ್ ಬನ್ನಿ."

ಹೆಣ್ಣು ಕೊಡುವಂಥ ಊರು

ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ಕಡೆಯ ಒಬ್ಬ ತೆಂಗಿನ ತೋಟದ ಯಜಮಾನರು, ಅವರ ತಾಯಿ, ಆ ಸಂಬಂಧ ಕೂಡಿಸುವ ಹಿರಿಯರು ನಮ್ಮ ಸ್ಟುಡಿಯೋದ ಬಾಗಿಲಲ್ಲಿ ನಿಂತಿದ್ದರು. ಅಜ್ಜಿಯ ಕೈಯಲ್ಲಿ ಆ ಫೋಟೋ. ಮುಖ ಗಂಟು.

ನಮ್ಮಲ್ಲಿ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡುವುದು ಪದ್ಧತಿ. ಹೊಲ ಎಷ್ಟು, ದನ ಎಷ್ಟು, ಬಾವಿಯಲ್ಲಿ ನೀರು ಇದೆಯೇ, ತಿಪ್ಪೆ ಎಷ್ಟು ಎತ್ತರ, ಎಲ್ಲ ನೋಡಿ ಆಮೇಲೆ ಹುಡುಗನ ಮುಖ ನೋಡುತ್ತಾರೆ. ಇವರೂ ಫೋಟೋದಲ್ಲಿ ಅದನ್ನೇ ಮಾಡಿದ್ದರು. ಹುಡುಗನನ್ನು ಬಿಟ್ಟು ಹಿಂದಿನ ಊರನ್ನೆಲ್ಲ ಜಾಲಾಡಿದ್ದರು.

"ಇದೇನ್ ಊರಪ್ಪಾ!" ಎಂದು ಅಜ್ಜಿ ಶುರು ಮಾಡಿದಳು. "ಒಲ ಎಲ್ಲಾ ಸುಣ್ಣ ಸುರ್ದಂಗದೆ. ಒಂದ್ ದನ ಇಲ್ಲ, ಒಂದ್ ತಿಪ್ಪೆ ಇಲ್ಲ. ಇಷ್ಟ್ ಮರ ಅವೆ, ಒಂದ್ರಾಗೂ ಕಾಯಿಲ್ಲ! ದೊಡ್ ದೊಡ್ ಗಂಡಸ್ರು ಕೆಲ್ಸ ಬುಟ್ಟು ಉಂಡೆ ಎಸ್ದಾಡ್ತಾ ಅವ್ರೆ. ನಮ್ ಉಡ್ಗಿ ಅಲ್ಲೋಗಿ ಏನ್ ತಿಂದಾಳು? ನಾವ್ ಕೊಡಾಕಿಲ್ಲ."

ಸ್ಟುಡಿಯೋದ ಹಿಂದೆಯೇ ಇದ್ದ ಮನೆಯೊಳಗಿನಿಂದ ನನ್ನ ಹೆಂಡತಿ ಇಣುಕಿದಳು. ಅವಳ ಮುಖ ಬಾಡಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ತಮ್ಮನ ಮದುವೆ ಮುರಿಯುತ್ತಿದೆ, ಅದೂ ನನ್ನ ಪರದೆಯಿಂದ. ಅವಳ ಹಿಂದೆಯೇ ಬಚ್ಚಲೊಲೆಯ ಹೊಗೆಯೂ ಕಾಣುತ್ತಿತ್ತು.

"ಅಜ್ಜೀ, ಒಳಗೆ ಬನ್ನಿ" ಎಂದು ಗಂಡಸರನ್ನು ಬೆಂಚಿನ ಮೇಲೆ ಕೂರಿಸಿ, ಅವಳನ್ನು ಕೈ ಹಿಡಿದು ಪರದೆಯ ಮುಂದೆ ನಿಲ್ಲಿಸಿದೆ. "ಮುಟ್ಟಿ ನೋಡಿ. ಬಟ್ಟೆ. ಹುಡುಗನ ಊರು ಇದಲ್ಲ, ಕೊಣನೂರು. ಕಾವೇರಿ ದಂಡೆ. ಗದ್ದೆ ಇದೆ, ದನ ಇದೆ, ತಿಪ್ಪೆ ಆಳೆತ್ತರ ಇದೆ."

ಅಜ್ಜಿ ಬೆಟ್ಟವನ್ನು ಚಿವುಟಿ ನೋಡಿದಳು. ಮುಖ ಇನ್ನೂ ಗಂಟಾಯಿತು.

"ಅಂಗಾರೆ ಊರು ಸುಳ್ಳು?"

"ಹೌದಜ್ಜಿ."

"ಕೋಟು?"

"ಸ್ಟುಡಿಯೋದ್ದು."

"ಬೂಟ್ಸು?"

"ಅದೂ."

"ಗಡಿಯಾರ?"

"ಅದು ನಂದು. ನಡೆಯೋದೂ ಇಲ್ಲ."

ಯಜಮಾನರು ಹೆಗಲಿನ ಟವೆಲ್ಲು ಕೊಡವಿ ಎದ್ದೇಬಿಟ್ಟರು. "ನಡಿಯವ್ವಾ. ಊರು ಸುಳ್ಳು, ಕೋಟು ಸುಳ್ಳು, ಗಡಿಯಾರ ಸುಳ್ಳು. ಇನ್ನು ಉಡ್ಗನಾದ್ರೂ ಅವ್ನೋ ಇಲ್ವೋ!"

ಆಗ ಹಿಮದ ಬೆಟ್ಟದ ಹಿಂದಿನಿಂದ ಒಂದು ಧ್ವನಿ ಬಂತು. ಯಾವ ಹೆಣ್ಣಿನ ಮನೆಯಲ್ಲೂ ಬಾಯಿ ಬಿಡದಿದ್ದ ಪುಣ್ಯಾತ್ಮನ ಧ್ವನಿ.

"ಅಜ್ಜೀ, ನಾನಿವ್ನಿ!"

ಚರ್ಚಿನ ಗೋಪುರದ ಪಕ್ಕ, ಪರದೆಯ ಅಂಚಿನಿಂದ ಅವನ ತಲೆ, ಆಮೇಲೆ ಮೈ ಮೂಡಿತು. ಬನಿಯನ್ನು, ಪಂಚೆ, ತಲೆಯಲ್ಲೆಲ್ಲ ಮರದ ಹೊಟ್ಟು. ಕೈ ಎರಡೂ ಪರದೆಯ ಗಳವನ್ನು ಬಿಗಿಯಾಗಿ ಹಿಡಿದಿದ್ದವು.

ಅಜ್ಜಿ ಬೆಚ್ಚಿ ಹಿಂದಕ್ಕೆ ಸರಿದಳು. "ಅಲ್ಲೇನ್ಲಾ ಮಾಡ್ತಿದ್ದೀಯಾ?"

"ಗಳ ಮುರ್ದೋಗದೆ ಅಜ್ಜಿ. ರಿಪೇರಿ ಮಾಡ್ತಿದ್ದೆ, ಅಷ್ಟ್ರಲ್ಲಿ ನೀವು ಬಂದ್ರಿ. ಬುಟ್ರೆ ಊರು ನಿಮ್ ಮ್ಯಾಲೆ ಬಿದ್ದೋಯ್ತದೆ. ಅದ್ಕೇ ಇಡ್ಕಂಡಿದ್ದೆ."

"ಆಗ್ಲಿಂದಾನೂವಾ?"

"ಊಂ. ಕೈ ಜೋಮು ಇಡ್ದದೆ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೂಟ್ಸಿಲ್ಲದ ಕಾಲು ನೋಡಿದಳು. ಕೈ ನೋಡಿದಳು. ಗಂಟಾಗಿದ್ದ ಮುಖ ಬಿಚ್ಚಿಕೊಂಡಿತು.

"ಕುತ್ಕಳ್ಲಾ ಮಗ" ಎಂದು ಯಜಮಾನರನ್ನು ಗದರಿಸಿದಳು. "ಬೀಳೋ ಊರ್ನೇ ಇಡ್ಕಂಡು ನಿಂತವ್ನೆ. ನನ್ ಮೊಮ್ಮಗಳ್ನ ಕೈ ಬುಟ್ಟಾನಾ? ಒಪ್ಕಳಾ."

ನನ್ನ ಹೆಂಡತಿ ಅಲ್ಲೇ ಬಿಕ್ಕಿ ಅತ್ತಳು. ಆಮೇಲೆ ಓಡಿ ಹೋಗಿ ಕಾಫಿ ತಂದಳು. ಅಜ್ಜಿ ಮಾತ್ರ ಕಾಫಿ ಕುಡಿಯುವ ಮುಂಚೆ ಒಂದು ಷರತ್ತು ಹಾಕಿದಳು. ಮದುವೆ ಫೋಟೋ ಈ ಪರದೆಯ ಮುಂದೆಯೇ ಆಗಬೇಕು, ಆದರೆ ಹೀಗಲ್ಲ. "ನಾಳೆ ನಮ್ ನೆಂಟ್ರು ನೋಡ್ತಾರೆ. ಬರೀ ಮರ ಇರೋ ಊರ್ಗೆ ಕೊಟ್ರು ಅನ್ಬಾರ್ದು."

ಮೈಸೂರಿನಿಂದ ಕಲಾವಿದರನ್ನು ಕರೆಸಿದೆ. ಅವರು ನಗುತ್ತಲೇ ಕುಂಚ ಹಿಡಿದರು. ಮದುವೆಯ ಮಾರನೆಯ ದಿನ ಗಂಡು ಹೆಣ್ಣನ್ನು ಜಾರುಗಾಡಿಯ ಮೇಲೆ ಕೂರಿಸಿದೆ. ಹೆಂಡತಿ ಏಣಿ ಹತ್ತಿ ಮೊರದಿಂದ ಪುರಿ ಉದುರಿಸಿದಳು. ಕ್ಯಾಲೆಂಡರಿನ ಜನ ಆಡುತ್ತಿದ್ದ ಆಟವನ್ನು ಯಾರು ಹೇಳಿಕೊಟ್ಟರೋ, ಮದುಮಗಳು ಒಂದು ಹಿಡಿ ಹಿಮ ಬಾಚಿ ಗಂಡನ ಮುಖಕ್ಕೆ ಎರಚಿದಳು. ಅವನು ಬಾಯಿ ತೆರೆದು ನಕ್ಕ. ಅದೇ ಗಳಿಗೆಗೆ ನಾನು ಫೋಟೋ ಹೊಡೆದೆ.

ಪ್ರಿಂಟು ಒಣಗುವುದನ್ನೂ ಕಾಯದೆ ಅಜ್ಜಿ ಕಿತ್ತುಕೊಂಡಳು. ಮದುಮಕ್ಕಳ ಮುಖ ಈ ಸಲವೂ ನೋಡಲಿಲ್ಲ. ಹಿಮ ಹೊತ್ತ ಮೊನಚು ಮರಗಳನ್ನು ಒಂದೊಂದಾಗಿ ನೋಡಿದಳು. ಒಂದೊಂದರಲ್ಲೂ ತೆಂಗಿನಕಾಯಿಯ ಗೊನೆ ಜೋತಾಡುತ್ತಿತ್ತು.

"ಈಗ ನೋಡು," ಎಂದಳು ನನ್ನ ಹೆಂಡತಿಗೆ, "ಎಣ್ಣು ಕೊಡೋವಂತ ಊರಾಯ್ತು."