ಸುಖದ ಲೆಕ್ಕ ಮತ್ತು ಕುರಿಯ ತೊಡೆ

"ಈ ಭಾನುವಾರದಿಂದ ನಮ್ಮ ಮನೆಯಲ್ಲಿ ದುಃಖಕ್ಕೆ ಜಾಗವಿಲ್ಲ!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಡ್ರುಸಿಲ್ಲಾ ಕುರಿಯ ತೊಡೆಗೆ ಉಪ್ಪು ಸವರುತ್ತಿದ್ದಳು.

"ಹಾಗಾದ್ರೆ ಊಟಕ್ಕೆ ಬರ್ಬೇಡಿ ಅಂತ ಅಮ್ಮನಿಗೆ ಹೇಳಿ ಕಳಿಸ್ಲಾ?" ಎಂದಳು.

ದೊಡ್ಡ ಮಾತಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ! ಬುಧವಾರ ಸಂಜೆ ನಮ್ಮ ಪೇಟೆಯ ಸಭಾಭವನದಲ್ಲಿ ಒಬ್ಬ ಮಹಾಶಯರ ಉಪನ್ಯಾಸ ಕೇಳಿ ಬಂದಿದ್ದೆ. ಅಬ್ಬಾ, ಎಂಥ ತತ್ತ್ವ! ಯಾವುದು ಸರಿ, ಯಾವುದು ತಪ್ಪು ಎಂದು ಪಾದ್ರಿಯನ್ನು ಕೇಳುವುದೇ ಬೇಡ. ಮಾಡಿದ ಕೆಲಸದಿಂದ ಎಷ್ಟು ಸುಖ ಹುಟ್ಟಿತೋ ಕೂಡಿ, ಎಷ್ಟು ದುಃಖ ಹುಟ್ಟಿತೋ ಕಳೆಯಿರಿ. ಅತಿ ಹೆಚ್ಚು ಜನಕ್ಕೆ ಅತಿ ಹೆಚ್ಚು ಸುಖ ಸಿಕ್ಕಿದರೆ ಅದೇ ಧರ್ಮ. ತಲೆಗೊಂದೇ ಎಣಿಕೆ. ರಾಜನ ಸುಖವೂ ಒಂದು, ಚಿಮಣಿ ಗುಡಿಸುವವನದೂ ಒಂದು! ಹಡಗು ಕಂಪನಿಯಲ್ಲಿ ಹಗಲೆಲ್ಲ ಕೂಡಿ ಕಳೆಯುವ ಗುಮಾಸ್ತನಿಗೆ ಹೇಳಿ ಮಾಡಿಸಿದ ಧರ್ಮ.

"ಆ ಲೆಕ್ಕದಲ್ಲಿ ಹೆಂಡ್ತಿ ಎಷ್ಟು?" ಎಂದು ಕೇಳಿದಳು.

"ಒಂದು."

"ಪಕ್ಕದ್ಮನೆಯವಳು?"

"ಅವಳೂ ಒಂದು."

"ಇದನ್ನ ಮದುವೆಗೆ ಮುಂಚೆ ಹೇಳ್ಬೇಕಿತ್ತು ನೀವು!"

ಆಮೇಲೆ ಕೈ ಒರೆಸಿಕೊಂಡು ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ನೋಡ್ರೀ, ಅಮ್ಮ ಬಂದಾಗೆಲ್ಲ ನಿಮ್ಮನ್ನ ಬೈದೇ ಹೋಗ್ತಾರೆ. ಇವತ್ತೊಂದಿನ ಅವರ ಬಾಯಲ್ಲಿ ನಿಮ್ಮ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಕೇಳ್ಬೇಕು ಅಂತ ಆಸೆ ನಂಗೆ. ಊಟ ನೆಟ್ಟಗೆ ತನ್ನಿ, ಅಷ್ಟೇ ಸಾಕು."

ಪಾಪ ಅನ್ನಿಸಿತು. ಎದೆ ತಟ್ಟಿಕೊಂಡು ಮಾತು ಕೊಟ್ಟೆ.

ನಮ್ಮಂಥ ಬಾಡಿಗೆ ಮನೆಗಳಲ್ಲಿ ಮಾಂಸ ಬೇಯಿಸುವಷ್ಟು ದೊಡ್ಡ ಒಲೆ ಎಲ್ಲಿಂದ ಬರಬೇಕು? ಭಾನುವಾರ ಬೀದಿಗೆ ಬೀದಿಯೇ ತನ್ನ ಊಟವನ್ನು ಬೇಕರಿಯವನ ಒಲೆಗೆ ಕೊಟ್ಟು ಚರ್ಚಿಗೆ ಹೋಗುತ್ತದೆ. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಊಟ ಬೆಂದಿರುತ್ತದೆ. ಎಲ್ಲರ ಬೋಗುಣಿಯೂ ಒಂದೇ ಥರ, ಕಂದು ಬಣ್ಣದ್ದು. ಯಾರದು ಯಾವುದೆಂದು ತಿಳಿಯಲು ಅದಕ್ಕೆ ಕಟ್ಟಿದ ನಂಬರಿನ ತಗಡಿನ ಬಿಲ್ಲೆ ನೋಡಬೇಕು. ನಾನು ನೋಡಲಿಲ್ಲ! ಸಾಲಿನಲ್ಲಿ ನಿಂತವರಿಗೆ ಸುಖದ ಲೆಕ್ಕ ಬೋಧಿಸುತ್ತ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಟೆ.

ದಾರಿಯಲ್ಲಿ ಬಟ್ಟೆ ಸರಿಸಿ ನೋಡಿದೆ. ಬೆಂದ ಮಾಂಸ ಕುಗ್ಗುವುದು ಲೋಕದ ನಿಯಮ. ನಮ್ಮದು ಮಾತ್ರ ಎರಡರಷ್ಟಾಗಿತ್ತು! ನನ್ನ ಉಪನ್ಯಾಸ ಕೇಳಿ ಹಿಗ್ಗಿರಬೇಕು ಎಂದುಕೊಂಡೆ.

ತಿರುವಿನಲ್ಲಿ ಅನ್ನವಿಲ್ಲದ ಒಂದು ಹಿಂಡು ಜನ ಕೂತಿದ್ದರು. ಘಮ ಮೂಗಿಗೆ ಬಡಿದದ್ದೇ ತಡ, ಎಲ್ಲರ ಕತ್ತೂ ನನ್ನ ಕಡೆ ತಿರುಗಿತು. ನನ್ನ ತಲೆ ತಾನಾಗಿ ಕೂಡತೊಡಗಿತು. ಮನೆಯಲ್ಲಿ ನಾವು ಮೂವರು, ಬೆಳಿಗ್ಗೆ ತಿಂಡಿ ತಿಂದವರು. ಇಲ್ಲಿ ಹತ್ತಾರು ಜನ, ನಿನ್ನೆಯಿಂದ ಉಪವಾಸ ಇರುವವರು. ಲೆಕ್ಕ ಚೊಕ್ಕ! ಬೋಗುಣಿ ಇಳಿಸಿದೆ. ಕಣ್ಣು ಮಿಟುಕಿಸುವುದರೊಳಗೆ ಮೂಳೆ ಮಾತ್ರ ಉಳಿಯಿತು. ಅವರ ಮುಖ ನೋಡಿ ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು.

ಮನೆ ಬಾಗಿಲಲ್ಲಿ ಮಾತ್ರ ಆ ಕಣ್ಣೀರು ತಾನಾಗಿ ಆರಿತು. ಅತ್ತೆ ಮಿಸೆಸ್ ಪಿನಕ್ ಆಗಲೇ ಮೇಜಿನ ಮುಂದೆ ಚಾಕು ಹಿಡಿದು ಕೂತಿದ್ದರು.

"ಊಟ ಎಲ್ಲಿ ಅಳಿಯಂದ್ರೇ?"

ತತ್ತ್ವ ವಿವರಿಸಿದೆ. ಡ್ರುಸಿಲ್ಲಾ ಬರಿದಾದ ಬೋಗುಣಿಯನ್ನೇ ನೋಡುತ್ತ ನಿಂತಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಬಾಗಿಲು ದಡದಡ ಬಡಿಯಿತು. ಹಡಗಿನಿಂದ ಕಲ್ಲಿದ್ದಲು ಇಳಿಸುವ ಪಕ್ಕದ ಮನೆಯ ಕ್ರೌಚ್! ಕೈಯಲ್ಲಿ ಒಂದು ಬೋಗುಣಿ. ಹಿಂದೆ ಹೆಂಡತಿ ಮತ್ತು ಏಳು ಮಕ್ಕಳು.

"ಸ್ವಾಮೀ, ಇದು ನಿಮ್ ತೊಡೆ. ನಮ್ ತೊಡೆ ಎಲ್ಲಿ?"

ನಾನು ಹಂಚಿದ್ದು ಕ್ರೌಚ್‌ನ ಊಟ! ಕಂಡವರ ಗಂಟಿನಲ್ಲಿ ಪುಣ್ಯ ಕಟ್ಟಿಕೊಂಡಿದ್ದೆ. ಕ್ರೌಚ್‌ನ ಮುಷ್ಟಿ ನಿಧಾನವಾಗಿ ಬಿಗಿಯಾಯಿತು. ನಾನು ಅತ್ತೆಯ ಕುರ್ಚಿಯ ಹಿಂದೆ ನಿಂತೆ.

"ತಡಿಯಪ್ಪಾ," ಎಂದರು ಅತ್ತೆ. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಎಂದೂ ಕಂಡಿರಲಿಲ್ಲ. "ನಮ್ಮಳಿಯಂದ್ರ ಹತ್ರ ಒಂದು ಶಾಸ್ತ್ರ ಇದೆ. ನೀವು ಒಂಬತ್ತು ಜನ, ನಾವು ಮೂರು. ಅಲ್ವಾ ಅಳಿಯಂದ್ರೇ? ಎಲ್ರೂ ಒಳಗೆ ಬನ್ನಿ!"

ಬಂದರು. ಕುರ್ಚಿ, ಪೆಟ್ಟಿಗೆ, ಮಂಚ ಎಲ್ಲ ತುಂಬಿತು. ಅತ್ತೆ ನಮ್ಮ ಆ ಸಣ್ಣ ತೊಡೆಯನ್ನು ಕೊಯ್ಯುತ್ತ ಕೊಯ್ಯುತ್ತ ಚಾಕು ನಿಲ್ಲಿಸಿದರು.

"ಹನ್ನೆರಡು ಜನಕ್ಕೆ ಹಂಚಿದ್ರೆ ಯಾರ ಹೊಟ್ಟೇನೂ ತುಂಬಲ್ಲ. ಹನ್ನೊಂದು ಜನಕ್ಕಾದ್ರೆ ಸರಿಹೋಗತ್ತೆ. ನಿಮ್ಮ ಶಾಸ್ತ್ರ ಏನ್ ಹೇಳತ್ತೆ?"

ನನ್ನ ಶಾಸ್ತ್ರ ನನ್ನನ್ನೇ ಕಚ್ಚಿತು! "ಅತ್ತೇ, ಹಾಗಾದ್ರೆ ನನ್ನ ದುಃಖ?" ಎಂದೆ.

"ಕಳೆದಾಯ್ತಲ್ಲ. ಒಂದು!"

ಒಣ ಬ್ರೆಡ್ಡಿನ ತುಂಡು ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಏನು ಗದ್ದಲ, ಏನು ನಗು! ಕ್ರೌಚ್ ಹಾಡಿದ. ಮಕ್ಕಳು ಆಲೂಗಡ್ಡೆಗೆ ಕಿತ್ತಾಡಿದರು. ಅತ್ತೆಯೂ ನಕ್ಕರು! ನನ್ನ ಹೊಟ್ಟೆ ಮಾತ್ರ ಯಾವ ತತ್ತ್ವಕ್ಕೂ ಒಪ್ಪದೆ ಗುರುಗುಟ್ಟುತ್ತಿತ್ತು.

ಸಂಜೆ ಹೊರಡುವಾಗ ಅತ್ತೆ ಮಗಳ ಗಲ್ಲ ಹಿಡಿದು ಹೇಳಿದ್ದು ಬಾಗಿಲ ಸಂದಿಯಿಂದ ಕೇಳಿಸಿತು. "ನಿನ್ನ ಗಂಡನ್ನ ಸುಮ್ನೆ ಬೈತಿದ್ದೆ ಕಣೇ. ಒಳ್ಳೆ ಮನುಷ್ಯ. ಈ ಮನೇಲಿ ಇಷ್ಟು ಖುಷಿಯಾಗಿ ನಾನು ಯಾವತ್ತೂ ಊಟ ಮಾಡಿರ್ಲಿಲ್ಲ!"

ಡ್ರುಸಿಲ್ಲಾ ಓಡಿ ಬಂದಳು. ಅವಳ ಕಣ್ಣು ತುಂಬಿತ್ತು, ಮುಖ ಅರಳಿತ್ತು.

"ರೀ, ಕೇಳಿಸ್ತಾ? ಅಮ್ಮ ನಿಮ್ಮನ್ನ ಹೊಗಳಿದ್ರು! ನಿಜವಾಗ್ಲೂ ಹೊಗಳಿದ್ರು!" ಎಂದು ನನ್ನ ಕೈ ಹಿಡಿದುಕೊಂಡಳು. "ಮುಂದಿನ ಭಾನುವಾರಾನೂ ಬರ್ತಾರಂತೆ. ದಯವಿಟ್ಟು ಇಲ್ಲೇ ಕೂತಿರ್ತೀರಾ?"