ಕಣ್ಣು ಮುಚ್ಚಿ ನೋಡಿದ ಪಿಸ್ತೂಲು ಪಂದ್ಯ

ಆಟ ಆಡುವವನಿಗೆ ಅರ್ಹತೆ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನೋಡುವವನಿಗೂ ಬೇಕು ಎಂದು ಯಾರೂ ಹೇಳುವುದಿಲ್ಲ. ಕ್ರಿಕೆಟ್ ನೋಡುವವನಿಗೆ ಬೇರೆ ಕೆಲಸ ಇರಬಾರದು. ಕಬಡ್ಡಿ ನೋಡುವವನಿಗೆ ಪಕ್ಕದವನ ಮೊಣಕೈ ತಿವಿತ ತಾಳಿಕೊಳ್ಳುವ ಪಕ್ಕೆಲುಬು ಬೇಕು. ಚದುರಂಗ ನೋಡುವವನಿಗೆ ಬಾಯಿ ಮುಚ್ಚಿಕೊಂಡೇ ಆಕಳಿಸುವ ವಿದ್ಯೆ ಬರಬೇಕು. ಪಿಸ್ತೂಲು ಪಂದ್ಯ ನೋಡುವವನಿಗಾದರೋ ಬೇಕಾದದ್ದು ಒಂದೇ ಒಂದು. ಗುಂಡು ಹಾರಿದಾಗ ಅವನ ಕಣ್ಣು ತೆರೆದಿರಬೇಕು. ಆ ಒಂದು ನನ್ನಲ್ಲಿಲ್ಲ. ಆದರೂ ಇಡೀ ಶಿರಸಿ ಪೇಟೆಯಲ್ಲಿ ಪಿಸ್ತೂಲು ಪಂದ್ಯದ ಅಧಿಕೃತ ಪ್ರೇಕ್ಷಕ ಎಂದರೆ ಸದ್ಯಕ್ಕೆ ನಾನೊಬ್ಬನೇ.

ಸದ್ದಾದರೆ ಕಣ್ಣು ಮುಚ್ಚುವುದು ನನಗೆ ಹುಟ್ಟಿನಿಂದ ಬಂದ ಗುಣ. ದೀಪಾವಳಿಯನ್ನು ನಾನು ಅಡುಗೆಮನೆಯ ಒಳಗಿನಿಂದ ಆಚರಿಸುತ್ತೇನೆ. ಅಲ್ಲಿಯೂ ಕುಕ್ಕರು ಇರುವುದರಿಂದ ನೆಮ್ಮದಿಯಿಲ್ಲ. ನನ್ನ ಮದುವೆಯಲ್ಲಿ ಛಾಯಾಗ್ರಾಹಕ ಚಿಟಿಕೆ ಹೊಡೆದು ಹೊಡೆದು ಫೋಟೋ ತೆಗೆದ. ಪ್ರತಿ ಚಿಟಿಕೆಗೂ ನಾನು ಕಣ್ಣು ಮುಚ್ಚಿದೆ. ಆಲ್ಬಮ್ ಬಂದಾಗ ಧಾರೆಯಿಂದ ಊಟದವರೆಗೆ ಎಲ್ಲ ಚಿತ್ರಗಳಲ್ಲೂ ವರ ಕಣ್ಣು ಮುಚ್ಚಿಕೊಂಡೇ ಇದ್ದ. "ಅಳಿಯಂಗೆ ಭಕ್ತಿ ರಾಶಿ ಇದ್ದು" ಎಂದು ನನ್ನ ಮಾವ ತಮ್ಮ ಊರು ನಿಲ್ಕುಂದದ ತುಂಬ ಹೇಳಿಕೊಂಡು ಬಂದರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಮಾಸ್ತರನಿಗೆ ಭಕ್ತಿ ಇದ್ದರೆ ತೊಂದರೆಯೇನೂ ಇಲ್ಲ ಎಂದು ನಾನೂ ಸುಮ್ಮನಿದ್ದೆ.

ಇಂಥ ನಾನು ಮದುವೆಯಾದದ್ದು ಕೋವಿ ಇರುವ ಮನೆಯ ಹುಡುಗಿಯನ್ನು. ನಮ್ಮ ಸಿದ್ದಾಪುರದ ಕಡೆ ಬೆಳೆ ಕಾಯಲೆಂದು ಲೈಸೆನ್ಸ್ ಪಡೆದು ಕೋವಿ ಇಟ್ಟುಕೊಳ್ಳುವುದು ಹೊಸದಲ್ಲ. ಮಾವನ ಮನೆಯ ಕೋವಿಗೆ ಒಂದೇ ಕೆಲಸ, ಮಂಗನನ್ನು ಹೆದರಿಸುವುದು. ಅದಕ್ಕೊಂದು ಕಟ್ಟುನಿಟ್ಟಾದ ಕ್ರಮವಿದೆ. ಮಂಗನ ಕಡೆ ನಳಿಗೆ ಹಿಡಿಯಬೇಕು, ಕೊನೆಯ ಗಳಿಗೆಯಲ್ಲಿ ಅದನ್ನು ಆಕಾಶಕ್ಕೆ ಎತ್ತಿ ಈಡು ಹೊಡೆಯಬೇಕು. ತಾಗಿದರೆ ಪಾಪ, ಹನುಮಂತನಿಗೆ ಲೆಕ್ಕ ಒಪ್ಪಿಸಬೇಕು. ಆದ್ದರಿಂದ ಆ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದೇ ಒಂದು ಗುಂಡು ಯಾವುದಕ್ಕೂ ತಾಗಿಲ್ಲ, ಮತ್ತು ಅದು ಆ ಮನೆಯ ಹೆಮ್ಮೆ. ಚುನಾವಣೆ ಬಂದರೆ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕಾಗುತ್ತದೆ. ಆ ಸುದ್ದಿ ಮಂಗಗಳಿಗೆ ಹೇಗೋ ನಮಗಿಂತ ಮೊದಲೇ ತಿಳಿದಿರುತ್ತದೆ.

ಆ ಮನೆಯಲ್ಲಿ ಹುಟ್ಟಿದ ನನ್ನ ಹೆಂಡತಿಯ ತಮ್ಮ ಶ್ರೀಪಾದ ಭಾವನಿಗೆ (ನಮ್ಮಲ್ಲಿ ನನಗೆ ಅವನೂ ಭಾವ, ಅವನಿಗೆ ನಾನೂ ಭಾವ) ಇದ್ದಕ್ಕಿದ್ದಂತೆ ಗುಂಡನ್ನು ಏನಕ್ಕಾದರೂ ತಾಗಿಸಿ ನೋಡಬೇಕು ಎನ್ನಿಸಿತು. ಪ್ರತಿ ಶನಿವಾರ ಬಸ್ಸು ಹತ್ತಿ ಹುಬ್ಬಳ್ಳಿಯ ಕಡೆಯ ಒಂದು ಕ್ಲಬ್ಬಿಗೆ ಹೋಗಿ ಪಿಸ್ತೂಲು ಕಲಿಯತೊಡಗಿದ. ಅವನು ಹಿಡಿದದ್ದು ಕ್ಷಿಪ್ರ ಗುರಿಯ ಪಂದ್ಯ. ಇಪ್ಪತ್ತೈದು ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ಕೆಂಪು ದೀಪ ಇರುವಷ್ಟು ಹೊತ್ತು ಕೈ ಕೆಳಗಿಳಿಸಿ ಕಾಯಬೇಕು. ಹಸಿರು ದೀಪ ಹತ್ತಿದ ಕೂಡಲೇ ಕೈ ಎತ್ತಿ ಒಂದೊಂದಕ್ಕೆ ಒಂದೊಂದರಂತೆ ಐದು ಗುಂಡು ಹೊಡೆಯಬೇಕು. ಮೊದಲು ಎಂಟು ಸೆಕೆಂಡು, ಆಮೇಲೆ ಆರು, ಕೊನೆಗೆ ನಾಲ್ಕು. ನಾಲ್ಕು ಸೆಕೆಂಡಿನಲ್ಲಿ ನಾನು ಒಂದು ಪೆನ್ಸಿಲು ಹುಡುಕಲಾರೆ. ಭಾವನ ತೊಂದರೆಯೇ ಬೇರೆಯಿತ್ತು. ತರಬೇತುದಾರರು ತಲೆ ಚಚ್ಚಿಕೊಂಡು, "ರೀ, ಎಲ್ಲಾ ಚೊಲೋ ಮಾಡಿ ಕೊನಿಗೆ ನಳಿಗಿ ಯಾಕ ಮ್ಯಾಲೆ ಎತ್ತತೀರಿ?" ಎಂದು ಕೇಳುತ್ತಿದ್ದರಂತೆ. ಮೂರು ತಲೆಮಾರಿನ ಪುಣ್ಯವನ್ನು ಅವನ ಮಣಿಕಟ್ಟಿನಿಂದ ಇಳಿಸಲು ಎರಡು ವರ್ಷ ಹಿಡಿಯಿತು.

ಮಾವನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. ಅವರ ಪ್ರಕಾರ ಒಳ್ಳೆಯ ಈಡು ಎಂದರೆ ಆಚೆ ಗುಡ್ಡದವರೆಗೆ ಕೇಳುವ ಈಡು. ಭಾವ ಫೋನಿನಲ್ಲಿ ಪಂದ್ಯದ ವಿಡಿಯೋ ತೋರಿಸಿದಾಗ ಆ ಪಿಸ್ತೂಲಿನ ಟಪ್ ಟಪ್ ಕೇಳಿ ಅವರು ಬಹಳ ಬೇಸರಪಟ್ಟುಕೊಂಡರು. "ಇದೆಂತದಾ ತಮಾ? ಈ ಶಬ್ದಕ್ಕೆ ಮಂಗ ತಲೆ ತಿರುಗ್ಸಿಯೂ ನೋಡ್ತಿಲ್ಲೆ" ಎಂದರು. ಭಾವ ಅಂದು ಊಟ ಸರಿಯಾಗಿ ಮಾಡಲಿಲ್ಲ.

ಅವನ ಬೇಸರಕ್ಕೆ ಇನ್ನೊಂದು ಕಾರಣವೂ ಇತ್ತು. ಹುಬ್ಬಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಪಂದ್ಯದಲ್ಲಿ ನಾಲ್ಕು ವರ್ಷ ಸತತವಾಗಿ ಅವನು ನಾಲ್ಕನೆಯವನಾಗಿದ್ದ. ಮುಂದಿನ ಹಂತಕ್ಕೆ ಹೋಗುವವರು ಮೊದಲ ಮೂವರು ಮಾತ್ರ. ಈ ವರ್ಷದ ಪಂದ್ಯಕ್ಕೆ ವಾರವಿರುವಾಗ ನಮ್ಮ ಮನೆಗೆ ಬಂದವನು, "ನಾಕನೇದು ಸಾಕಾತು ಭಾವ. ಈ ಸರ್ತಿನೂ ನಾಕನೇದೇ ಬಂದ್ರೆ ಪಿಸ್ತೂಲು ಕ್ಲಬ್ಬಿಗೆ ಕೊಟ್ಟಿಕ್ಕಿ ಬಪ್ಪದೇ ಸೈ. ಮಂಗನ ಓಡ್ಸದು ಹೆಂಗೂ ಇದ್ದು" ಎಂದ. ನಗುತ್ತಲೇ ಹೇಳಿದ, ಆದರೆ ಆ ನಗು ನನಗೆ ಹಿಡಿಸಲಿಲ್ಲ. ಒಬ್ಬ ಮನುಷ್ಯ ಇಷ್ಟಪಟ್ಟದ್ದನ್ನು ಬಿಡುವಾಗ ನಗುವುದು ಒಳ್ಳೆಯ ಲಕ್ಷಣವಲ್ಲ. ನನಗೆ ನಿಜವಾಗಿ ಸಂಕಟವಾಯಿತು.

ನನ್ನ ಹೆಂಡತಿ ವಸುಧಾ ಅಲ್ಲಿಯೇ ತೀರ್ಮಾನ ಕೊಟ್ಟಳು. "ಈ ಸರ್ತಿ ಎಲ್ಲ ಹೋಗವು. ನಮ್ಮನೆಯವು ಹೇಳಿ ಅವಂಗೆ ಯಾರಾದ್ರೂ ಅಲ್ಲಿ ಕಾಣವು."

"ಆನು ಬಂದು ಎಂತ ಮಾಡವು? ಎಂಗೆ ಎಂತದೂ ಕಾಣ್ತಿಲ್ಲೆ" ಎಂದೆ.

"ಕಣ್ಣು ಮುಚ್ಚಿದ್ರೂ ಅಡ್ಡಿಲ್ಲೆ. ಮೈ ಅಲ್ಲಿ ಇರವು."

ಹೀಗೆ ನನ್ನ ಮೈ, ಹೆಂಡತಿ, ಮಾವ ಮತ್ತು ಒಂದು ಡಬ್ಬಿ ತೊಡದೇವು ಬೆಳಗಿನ ಬಸ್ಸಿನಲ್ಲಿ ಹೊರಟೆವು. ತೊಡದೇವಿನ ವಿಷಯ ಹೇಳಲೇಬೇಕು. ಗಡಿಗೆಯ ಬೆನ್ನಿನ ಮೇಲೆ ಹಾಳೆಗಿಂತ ತೆಳ್ಳಗೆ ಎರೆದು ತೆಗೆದ ಸಿಹಿ ಅದು. ರುಚಿಯಲ್ಲಿ ಏನೂ ದೋಷವಿಲ್ಲ, ಆದರೆ ಕಡಿದರೆ ಕರಂ ಎನ್ನುತ್ತದೆ. ಪಂದ್ಯದ ಮೊದಲ ಸುತ್ತಿನಲ್ಲಿ ಪ್ರೇಕ್ಷಕರು ಉಸಿರೂ ಎತ್ತಬಾರದು ಎಂಬುದು ನಿಯಮ. ಎಲ್ಲರೂ ಕೈ ಇಳಿಸಿ ಹಸಿರು ದೀಪಕ್ಕೆ ಕಾಯುತ್ತಿದ್ದ ಹೊತ್ತಿನಲ್ಲಿಯೇ ಮಾವ ತೊಡದೇವು ಕಡಿದರು. ಇಡೀ ಸಾಲು ತಿರುಗಿ ನೋಡಿತು. ಕಾವಲಿನವರು ಬಗ್ಗಿ ಬಂದು, "ಹಿರಿಯಾರ, ಸಪ್ಪಳ ಮಾಡಬ್ಯಾಡ್ರಿ" ಎಂದರು. ಮಾವ ನನ್ನ ಕಿವಿಯಲ್ಲಿ, "ಅವು ಅಷ್ಟು ಈಡು ಹೊಡೀತಾ ಇದ್ದ, ಅದು ಸಪ್ಪಳ ಅಲ್ದಡ. ಎನ್ನ ತೊಡದೇವು ಸಪ್ಪಳ ಅಡ!" ಎಂದರು. ಆಮೇಲೆ ಪ್ರತಿ ಸಲ ಬಾಯಲ್ಲಿಟ್ಟುಕೊಂಡು ಕರಗುವವರೆಗೆ ಕಾದರು. ಎಂಟು ಸೆಕೆಂಡಿನಲ್ಲಿ ಕರಗುವುದಿಲ್ಲ ಎಂಬುದು ಅಂದಿನ ಅವರ ಶೋಧನೆ.

ನಾನು ಮೊದಲ ಸುತ್ತಿನ ಅರುವತ್ತು ಗುಂಡುಗಳಲ್ಲಿ ಒಂದನ್ನೂ ನೋಡಲಿಲ್ಲ. ಕೆಂಪು ದೀಪ ಕಾಣುತ್ತಿತ್ತು, ಹಸಿರು ದೀಪ ಕಾಣುತ್ತಿತ್ತು, ಆಮೇಲೆ ಕತ್ತಲು, ಆಮೇಲೆ ಫಲಿತಾಂಶ. ನಡುನಡುವೆ ಕಣ್ಣು ಬಿಟ್ಟಾಗ ಒಂದು ವಿಷಯ ಗಮನಿಸಿದೆ. ಗುರಿಕಾರರೆಲ್ಲರ ಕಿವಿಯ ಮೇಲೂ ದೊಡ್ಡ ಹೆಡ್‌ಫೋನಿನಂಥದ್ದೊಂದು ಇತ್ತು. ಸೂಚನೆಗಳು ಚೆನ್ನಾಗಿ ಕೇಳಲಿ ಎಂದು ಕೊಟ್ಟಿರಬೇಕು, ಎಷ್ಟು ಅಚ್ಚುಕಟ್ಟು ಎಂದು ಮೆಚ್ಚಿಕೊಂಡೆ.

ಭಾವ ಮೊದಲ ಆರು ಜನರಲ್ಲಿ ಒಬ್ಬನಾಗಿ ಫೈನಲ್ಲಿಗೆ ಬಂದ. ಫೈನಲ್ಲಿನಲ್ಲಿ ಎಲ್ಲ ಸುತ್ತೂ ನಾಲ್ಕೇ ಸೆಕೆಂಡು. ತಾಗಿದರೆ ಒಂದು ಅಂಕ, ಇಲ್ಲದಿದ್ದರೆ ಇಲ್ಲ. ಕೆಲವು ಸುತ್ತು ಕಳೆದ ಮೇಲೆ ಸುತ್ತಿಗೊಬ್ಬ ಹೊರಗೆ. ಅಷ್ಟೇ ಅಲ್ಲ, ನಿಯಮವೂ ತಿರುವುಮುರುವಾಯಿತು. ಮೈಕಿನಲ್ಲಿ, "ಈಗ ಯಾರೂ ಸುಮ್ನ ಕುಂದರಬ್ಯಾಡ್ರಿ! ಚಪ್ಪಾಳಿ ಹೊಡೀರಿ, ಒದರ್ರಿ, ಹುರುಪು ತುಂಬ್ರಿ!" ಎಂದು ಸಾರಿದರು. ಸುತ್ತಲಿನವರು ಹಾಗೆಯೇ ಮಾಡಿದರು. ಒಬ್ಬರು ತಟ್ಟೆ ಬಡಿದರು. ನಾವು ಮೂವರು ಮಾತ್ರ ತಲೆ ಆಡಿಸುತ್ತ ಕೂತೆವು. ನಮ್ಮ ಕಡೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಎಂಥ ಅದ್ಭುತ ಅರ್ಥಗಾರಿಕೆ ಕೇಳಿದರೂ ತಲೆ ಆಡಿಸಿ ಒಂದು "ಹ್ಞೂಂ" ಎಂದರೆ ಮುಗಿಯಿತು. ಅದಕ್ಕಿಂತ ಹೆಚ್ಚು ಮೆಚ್ಚಿದರೆ ಎಲೆ ಅಡಿಕೆಯ ಕವಳದ ಬಟ್ಟಲು ಮುಂದೆ ತಳ್ಳುತ್ತೇವೆ. ಪಿಸ್ತೂಲು ಹಿಡಿದವನಿಗೆ ಕವಳದ ಬಟ್ಟಲು ತಳ್ಳುವುದು ಹೇಗೆ?

ಇಬ್ಬರು ಹೊರಬಿದ್ದು ನಾಲ್ವರು ಉಳಿದರು. ಭಾವ ನಾಲ್ಕನೆಯವನು! ಮೂರನೆಯವನಿಗಿಂತ ಒಂದೇ ಅಂಕ ಹಿಂದೆ. ಈ ಸುತ್ತು ಮುಗಿದರೆ ನಾಲ್ಕನೆಯವನು ಹೊರಗೆ, ಪಿಸ್ತೂಲು ಕ್ಲಬ್ಬಿಗೆ. ಹಿಂದಿನಿಂದ ನೋಡಿದರೆ ಅವನ ಭುಜ ಇಳಿದಿತ್ತು. ಆ ಭುಜವನ್ನು ನಾನು ಬಲ್ಲೆ. ಅದು ಆಗಲೇ ಊರಿಗೆ ಹೊರಟ ಭುಜ. ವಸುಧಾ ನನ್ನ ತೊಡೆಗೆ ಚಿವುಟಿ, "ಎಂತಾದ್ರೂ ಕೂಗಿ ನೋಡನ!" ಎಂದಳು.

"ಎಂತ ಕೂಗವು?"

"ಬಾಯಿಗೆ ಬಂದಿದ್ದು!"

ನನ್ನ ಬಾಯಿಗೆ ಜೀವಮಾನದಲ್ಲಿ ಒಂದೇ ಕೂಗು ಬರುತ್ತದೆ, ಅದು 'ಕೂ'. ನಿಲ್ಕುಂದದಲ್ಲಿ ಅಳಿಯನಾಗಿ ನಾನು ಕಲಿತ ಒಂದೇ ಕೆಲಸವೂ ಅದೇ. ಊಟಕ್ಕೆ ಹೊತ್ತಾದರೆ ಅಂಗಳದ ತುದಿಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಉದ್ದಕ್ಕೆ "ಕೂ" ಎನ್ನಬೇಕು. ಕೆಳಗೆ ತೋಟದಲ್ಲೆಲ್ಲೋ ಇರುವ ಭಾವ ತಿರುಗಿ "ಕೂ" ಎನ್ನುತ್ತಾನೆ. ಕೂ ಕೇಳಿದವರು ಯಾರೇ ಇರಲಿ, ಕೂ ಎನ್ನಲೇಬೇಕು. ಎನ್ನದಿದ್ದರೆ ಏನೋ ಆಗಿದೆ ಎಂದು ಅರ್ಥ, ಜನ ಹುಡುಕಿಕೊಂಡು ಹೊರಡುತ್ತಾರೆ.

ಕೆಂಪು ದೀಪ ಹತ್ತಿತು. ಗುಂಡಿನ ಸದ್ದಿಗೆ ಹೇಗೂ ಮುಚ್ಚುವ ಕಣ್ಣು, ಮೊದಲೇ ಮುಚ್ಚಿಕೊಂಡೆ. ಬಾಯಿಗೆ ಕೈ ಅಡ್ಡ ಹಿಡಿದೆ. ಹುಬ್ಬಳ್ಳಿಯ ಬಯಲಿನಲ್ಲಿ ಗುಡ್ಡವಿಲ್ಲ ಎಂಬುದನ್ನು ಮರೆತು, ಎದುರು ಗುಡ್ಡದವರಿಗೂ ಕೇಳುವಂತೆ ಹಾಕಿದೆ ಒಂದು ಕೂ. ತಟ್ಟೆ ಬಡಿಯುವುದು ನಿಂತಿತು. ಮರುಕ್ಷಣವೇ ಎಲ್ಲಿಂದಲೋ ಉತ್ತರ ಬಂತು, "ಕೂ...!" ಕತ್ತಲಲ್ಲಿದ್ದ ನನಗೆ ಮೈ ಜುಮ್ಮೆಂದಿತು. ಭಾವ ಕೇಳಿಸಿಕೊಂಡ! ಟಪ್ ಟಪ್ ಟಪ್ ಟಪ್ ಟಪ್. ಆಮೇಲೆ ಎದ್ದ ಗದ್ದಲಕ್ಕೆ ಕಣ್ಣು ಬಿಟ್ಟರೆ ಪರದೆಯ ಮೇಲೆ ಭಾವನ ಹೆಸರಿನ ಎದುರು ಐದಕ್ಕೆ ಐದು ಹಸಿರು ಚುಕ್ಕೆ. ಮೂರನೆಯವನಿಗೆ ಮೂರೇ. ಮಾವ ತೊಡದೇವನ್ನು ಕರಂ ಎಂದು ಬಹಿರಂಗವಾಗಿ ಕಡಿದರು. ವಸುಧಾ ಅತ್ತಳು, ನಕ್ಕಳು, ನನ್ನನ್ನು ಇನ್ನೊಮ್ಮೆ ಚಿವುಟಿದಳು.

ಕಾವಲಿನವರು ಓಡಿಬಂದು, "ಏನಾತ್ರಿ? ಯಾರಿಗೆ ಏನಾತು?" ಎಂದು ಗಾಬರಿಯಿಂದ ಕೇಳಿದರು. ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ನನ್ನ ಬೆನ್ನು ತಟ್ಟಿದರು. "ಹೋಯ್, ನಿಂಗ ಯಾವ ಬದಿಯವು?"

"ಶಿರಸಿ. ನಿಂಗ?"

"ಯಲ್ಲಾಪುರದ ಮಾಗೋಡು. ತಂಗಿ ಮಗಳ ಪಂದ್ಯ ನೋಡಲೆ ಬಂದಿದ್ದು. ಕೂ ಕೇಳಿದ್ಮೇಲೆ ಬಾಯಿ ತಡೀತಿಲ್ಲೆ ಮಾರಾಯ್ರೆ!"

ಉತ್ತರ ಕೊಟ್ಟದ್ದು ಭಾವ ಅಲ್ಲ, ಯಲ್ಲಾಪುರ ತಾಲೂಕು ಎಂದು ತಿಳಿದು ಸ್ವಲ್ಪ ನಿರಾಶೆಯಾಯಿತು. ಆದರೆ ಉತ್ತರ ಯಾರದ್ದಾದರೇನು, ಕೂ ನನ್ನದೇ ತಾನೆ? ಮುಂದಿನ ಸುತ್ತಿನಲ್ಲಿ ಭಾವ ಹೊರಬಿದ್ದ, ಮೂರನೆಯವನಾಗಿ. ಐದನೆಯ ವರ್ಷಕ್ಕೆ ಮೂರನೆಯ ಸ್ಥಾನ! ಪಿಸ್ತೂಲು ಉಳಿಯಿತು.

ಶಿರಸಿಗೆ ಬಂದ ಮೇಲೆ ನಾನು ಈ ಕಥೆಯನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ತರಕಾರಿ ಪೇಟೆಯಲ್ಲಿ, ಒಮ್ಮೆ ಹುಲೇಕಲ್ ಬಸ್ಸಿನಲ್ಲಿ ಹಿಂದಿನ ಸೀಟಿನವರಿಗೂ ಕೇಳುವಂತೆ ಹೇಳಿದೆ. ಹೇಳುತ್ತ ಹೇಳುತ್ತ ಕಥೆ ನಯವಾಯಿತು. ಮೊದಮೊದಲು ಭಾವ ಹೊಡೆದ, ನಾನು ಕೂ ಹಾಕಿದೆ ಎನ್ನುತ್ತಿದ್ದೆ. ತಿಂಗಳಾಗುವಷ್ಟರಲ್ಲಿ ನಾನು ಕೂ ಹಾಕಿದೆ, ಆದ್ದರಿಂದ ಗುಂಡು ತಾಗಿತು ಎಂಬಲ್ಲಿಗೆ ಬಂತು. ಇದಕ್ಕೆ ಸಾಕ್ಷಿಯೂ ಇತ್ತು. ವಸುಧಾ ಆ ಸುತ್ತನ್ನು ಫೋನಿನಲ್ಲಿ ಹಿಡಿದಿದ್ದಳು. ಗಡಿಬಿಡಿಯಲ್ಲಿ ಫೋನು ಭಾವನ ಬದಲು ನನ್ನ ಕಡೆ ತಿರುಗಿತ್ತು, ಅಷ್ಟೇ. ಅದು ಹೇಗೋ ಊರೆಲ್ಲ ಹರಿದಾಡಿತು. ಎಂಟನೇ ತರಗತಿಗೆ 'ಒಂದು ಕ್ರೀಡಾ ದೃಶ್ಯ'ದ ಚಿತ್ರ ಬರೆಯಿರಿ ಎಂದರೆ ಹನ್ನೊಂದು ಮಕ್ಕಳು ಕಣ್ಣು ಮುಚ್ಚಿ ಬಾಯಿ ದುಂಡಗೆ ಮಾಡಿಕೊಂಡ ಒಬ್ಬ ಮಾಸ್ತರನನ್ನು ಬರೆದರು. ಹೋಲಿಕೆ ಚೆನ್ನಾಗಿತ್ತು, ಅಂಕ ಕೊಡಲೇಬೇಕಾಯಿತು.

ಮೊನ್ನೆ ಭಾನುವಾರ ಭಾವ ಮನೆಗೆ ಬಂದ. ಕೈಯಲ್ಲಿ ಒಂದು ಪೊಟ್ಟಣ. ಬಿಚ್ಚಿದರೆ ಅಂದು ಗುರಿಕಾರರ ಕಿವಿಯ ಮೇಲೆ ಕಂಡದ್ದೇ. "ಭಾವ, ಇದು ನಿಂಗೆ. ಮುಂದಿನ ಪಂದ್ಯಕ್ಕೆ ಬಪ್ಪಕಾರೆ ಹಾಕ್ಯ. ಶಬ್ದ ಕೇಳದಿದ್ರೆ ಕಣ್ಣು ಮುಚ್ತಿಲ್ಲೆ" ಎಂದ. ಹಾಕಿಕೊಂಡೆ. ಜಗತ್ತು ಸುಮ್ಮನಾಯಿತು. ಅಡುಗೆಮನೆಯಲ್ಲಿ ಕುಕ್ಕರಿನ ಉಗಿ ಚಿಮ್ಮಿತು, ಅದನ್ನು ನಾನು ಕಣ್ಣು ತೆರೆದುಕೊಂಡು ನೋಡಿದೆ. ಐವತ್ತು ವರ್ಷದಲ್ಲಿ ಮೊದಲ ಬಾರಿಗೆ! ಮಗುವಿನ ಹಾಗೆ ಕುಣಿಯಬೇಕೆನ್ನಿಸಿತು. ಎರಡನೆಯ ಸಲ ಉಗಿ ಚಿಮ್ಮುವಾಗ ಮಾತ್ರ ತಲೆಯಲ್ಲಿ ಏನೋ ತಟ್ಟಿತು. ಇದು ಕೇಳಿಸಲು ಕೊಡುವ ಸಾಧನವಲ್ಲ. ಕೇಳಿಸದಿರಲು ಕೊಡುವ ಸಾಧನ.

"ಭಾವ, ಅವತ್ತು ನಿಂಗೆ ಎನ್ನ ಕೂ ಕೇಳಿತ್ತನಾ?" ಎಂದೆ.

ಭಾವ ಉತ್ತರ ಕೊಟ್ಟ. ಉದ್ದಕ್ಕೇ ಕೊಟ್ಟ, ಕೈ ಆಡಿಸುತ್ತ ಕೊಟ್ಟ. ತುಟಿ ಆಡಿದ್ದು ಕಂಡಿತು, ಬಾಗಿಲಲ್ಲಿ ನಿಂತ ವಸುಧಾ ಹೊಟ್ಟೆ ಹಿಡಿದುಕೊಂಡು ನಗುವುದೂ ಕಂಡಿತು. ಕಿವಿಯ ಮೇಲಿನದ್ದನ್ನು ತೆಗೆದು ಇನ್ನೊಮ್ಮೆ ಕೇಳಬಹುದಿತ್ತು. ನಾನು ತಾಳಮದ್ದಳೆಯಲ್ಲಿ ಕೂತವನ ಹಾಗೆ ತಲೆ ಆಡಿಸಿ "ಹ್ಞೂಂ" ಎಂದೆ.

ಅವನನ್ನು ಕಳಿಸಲು ಬಸ್ ನಿಲ್ದಾಣಕ್ಕೂ ಅದನ್ನು ಹಾಕಿಕೊಂಡೇ ಹೋದೆ. ಸಿದ್ದಾಪುರದ ಬಸ್ಸು ಹೊರಡುವಾಗ ಕಿಟಕಿಯಲ್ಲಿ ಭಾವ ಬಾಯಿಗೆ ಕೈ ಅಡ್ಡ ಹಿಡಿದದ್ದು, ಬಾಯಿ ದುಂಡಗಾದದ್ದು ಕಂಡಿತು. ಉತ್ತರ ಕೊಡದೆ ಇರುವಂತಿಲ್ಲವಲ್ಲ, ನಾನೂ ಹಾಕಿದೆ ಒಂದು ಕೂ. ಎಷ್ಟು ಜೋರಾಗಿ ಹಾಕಿದೆನೋ ನನಗೆ ಕೇಳಿಸಲಿಲ್ಲ. ನಿಲ್ದಾಣದಲ್ಲಿದ್ದವರೆಲ್ಲ ಒಟ್ಟಿಗೇ ತಿರುಗಿ ನನ್ನನ್ನು ನೋಡಿದ್ದನ್ನು ಮಾತ್ರ ಎರಡೂ ಕಣ್ಣು ಬಿಟ್ಟುಕೊಂಡು ನೋಡಿದೆ.